ಅಯ್ಯನವರ ಅರ್ಧ ಮಾತು

ನಸುಕಿನಲ್ಲಿ ನೀರಿಗೆ ಹೋದ ಶಿವಲಿಂಗವ್ವ ಕೊಡವನ್ನು ಬಾವಿಕಟ್ಟೆಯ ಮೇಲೆಯೇ ಬಿಟ್ಟು ಕೂಗುತ್ತ ಓಡಿಬಂದಳು. ಹುಬ್ಬಳ್ಳಿ ದುರ್ಗದಬೈಲಿನ ಕಾಳಿನ ವ್ಯಾಪಾರಿ ಬಸಣ್ಣನ ಹೆಂಡತಿ ಸಂಗವ್ವ ಬಾವಿಯಲ್ಲಿ ಹೆಣವಾಗಿದ್ದಳು.

ಫೌಜದಾರ ಕಮರುದ್ದೀನರು ಪಂಚನಾಮೆ ಮಾಡಿಸಿದರು. ಕೈಯಲ್ಲಿ ಹಸಿರು ಬಳೆ, ಕೊರಳಲ್ಲಿ ತಾಳಿ, ಲಿಂಗವಿಡುವ ಬೆಳ್ಳಿಯ ಕರಡಿಗೆ. ಕರಡಿಗೆ ಖಾಲಿ. ಲಿಂಗ ನೀರಿನಲ್ಲಿ ಜಾರಿರಬೇಕು ಎಂದರು ಪಂಚರು.

ಸಂಜೆ, ಎಲ್ಲರೂ ಅಯ್ಯನವರೆನ್ನುವ ಜಂಗಮ ಶಾಂತಯ್ಯನವರು ಮಂತ್ರ ಹೇಳಿ, ಅವಳ ಎಡ ಅಂಗೈಯಲ್ಲಿ ಲಿಂಗವಿಟ್ಟು, ಅವಳನ್ನು ಮಣ್ಣಿಗೊಪ್ಪಿಸಿದರು. ಎಳವೆಯಲ್ಲಿ ಅವಳಿಗೆ ಲಿಂಗ ಕಟ್ಟಿದ ಗುರು ಅವರೇ. ತಾನು ಲಿಂಗ ಕಟ್ಟಿದ ಮಗುವನ್ನು ತಾನೇ ಹೂಳುವುದು — ಶಿವನು ಆ ಹೊರೆಯನ್ನು ಯಾವ ಹಿರಿಯನ ಹೆಗಲ ಮೇಲೂ ಇಡದಿರಲಿ.

ಮೂರನೆಯ ದಿನ ಅಯ್ಯನವರು ಬಸಣ್ಣನ ಮನೆಗೆ ಹೋದಾಗ ಫೌಜದಾರರು ಪಡಸಾಲೆಯಲ್ಲಿ ಕೂತಿದ್ದರು. ಓಣಿಯೆಲ್ಲ ಬಾಗಿಲಲ್ಲಿ ನೆರೆದಿತ್ತು. "ಬಾವಿ ಬೀಳ, ಬಂಜಿ" ಎಂದು ಸೊಸೆಯನ್ನು ದಿನವೂ ಬೈಯುತ್ತಿದ್ದ ಅತ್ತೆ ಚನ್ನಬಸವ್ವನನ್ನು ಜೇಲಿಗೆ ಹಾಕಬೇಕೆಂದು ಎಲ್ಲರ ಮಾತು.

"ನಾನ ಕೊಂದೇನ್ರಿ," ಎಂದಳು ಮುದುಕಿ. "ನನ್ನ ನಾಲಿಗಿ ಕೊಂದೈತಿ. ಒಯ್ರಿ ನನ್ನ."

"ಹಂಗ ಒಯ್ಯಾಕ ಬರೂದಿಲ್ಲವ್ವಾ," ಎಂದರು ಫೌಜದಾರರು. "ಬೈದದ್ದಕ್ಕ ಸಜಾ ಆಗತಿದ್ರ ಹುಬ್ಬಳ್ಳಿ ಅತ್ತೆಂದಿರೆಲ್ಲಾ ಜೇಲಿನ್ಯಾಗ ಇರತಿದ್ರು. ಇಷ್ಟು ವರ್ಷ ನೀ ಬೈದಿ, ಇಷ್ಟು ವರ್ಷ ಅಕಿ ಬದುಕಿದ್ಲಲ್ಲ? ಸಾಯಲಿ ಅಂತ ಮನಸಿನ್ಯಾಗ ಇಟಗೊಂಡು, ಸಾಯೂ ಹಂಗ ಮಾಡಿದವರು ಯಾರು? ಕೋರ್ಟು ಕೇಳೂದು ಅದನ್ನ."

ಮೂಲೆಯಲ್ಲಿ ಬಸಣ್ಣ ಧೋತರದ ಚುಂಗು ಬಾಯಿಗಿಟ್ಟುಕೊಂಡು ಅಳುತ್ತಿದ್ದ. ಹೆಂಡತಿಯ ಮೇಲೆ ಒಂದು ದಿನವೂ ದನಿ ಏರಿಸಿದವನಲ್ಲ.

ಫೌಜದಾರರು ಬಾಗಿಲಲ್ಲಿ ನಿಂತ ನೆರೆಮನೆಯವಳ ಕಡೆ ತಿರುಗಿದರು. "ಶಿವಲಿಂಗವ್ವ, ಅಕಿ ಕಡೀ ಸಲ ನಿನ್ನ ಕೂಡ ಏನ ಮಾತಾಡಿದ್ಲು?"

"ಮಾತೆಲ್ಲೀದ್ರಿ ಸಾಹೇಬರ? ಸಾಯೂಕಿಂತ ಎರಡು ದಿನ ಮೊದಲಿಂದ ಅನ್ನ ನೀರು ಬಿಟ್ಟು ಮನಿ, ಹಿತ್ತಲಾ ಎಲ್ಲಾ ಹುಡುಕಾಕತ್ತಿದ್ಲು. ಏನ ಕಳದೈತವ್ವಾ ಅಂದ್ರ ಬರೇ ಅಳತಿದ್ಲು."

"ಅಯ್ಯನವರ, ಮಣ್ಣು ಮಾಡುವಾಗ ಅಕಿ ಕೈಯಾಗ ಇಟ್ಟದ್ದು ಹೊಸಾ ಲಿಂಗೇನ್ರಿ?"

"ಅಲ್ರಿ, ಅಕೀದ. ನಾನ ಕಟ್ಟಿದ್ದು. ಮ್ಯಾಲೆ ಮೆತ್ತಿದ ಕರೀ ಕಂತಿ ಒಂದು ಕಡೆ ಸವದಿತ್ತು. ಬೆರಳಿಗೆ ಗುರ್ತು ಸಿಕ್ಕಿತು."

"ನಿಮ್ಮ ಕೈಗೆ ಯಾರು ಕೊಟ್ರು?"

"ಬಸಣ್ಣ ಕೊಟ್ಟ. ಹೆಣದ ಮ್ಯಾಲ ಸಿಕ್ಕಿರಬೇಕು ಅಂದ್ಕೊಂಡೆ."

"ಹೆಣದ ಮ್ಯಾಲ ಇರಲಿಲ್ಲ. ಕರಡಿಗಿ ನಾನ ತೆರಿಸಿ ನೋಡೇನಿ. ನೀರಾಗ ಬಿದ್ದಿದ್ರ ಇನ್ನೂ ಬಾವಿ ಕೆಸರಿನ್ಯಾಗ ಇರತಿತ್ತು. ಎರಡು ದಿನ ಅಕಿ ಹುಡುಕಿದ್ದು ಏನು? ಅದನ್ನ. ಹಂಗಾದ್ರ ಅದು ಯಾರ ಕಡೆ ಇತ್ತು?"

ಬಸಣ್ಣನ ಅಳು ನಿಂತಿತು. "ಹಾಸಿಗ್ಯಾಗ ಸಿಕ್ಕಿತ್ರಿ... ಆಮ್ಯಾಲ..."

"ಸಿಕ್ಕಿದ್ರ ಯಾರಿಗೂ ಯಾಕ ಹೇಳಲಿಲ್ಲ? ಅಯ್ಯನವರ, ಇನ್ನೊಂದು ಮಾತು. ಲಿಂಗ ಕಳಕೊಂಡವರು ಏನ ಮಾಡಬೇಕು ಅಂತ ನಿಮ್ಮನ್ನ ಯಾರಾದ್ರೂ ಕೇಳಿದ್ರೇನು?"

ಅಯ್ಯನವರು ಮೂಲೆಯ ಕಡೆ ನೋಡಿದರು. "ಈ ಬಸಣ್ಣ ಕೇಳಿದ್ದ. ತಿಂಗಳಾತು, ಶ್ರಾವಣ ಹಿಡಿಯೂಕಿಂತ ಮೊದಲ. ಹಿಂದಿನವರು ಪ್ರಾಣ ಬಿಡತಿದ್ರಪಾ, ಈಗ ಗುರುವಿನ ಕಡೆ ಬಂದ್ರ ಮತ್ತೊಂದು ಕಟ್ಟತೇವಿ ಅಂದಿದ್ದೆ."

"ಲಿಂಗ ಕಳಿಯೂಕಿಂತ ಮೊದಲ ಕೇಳ್ಯಾನ. ಪೂರಾ ಕೇಳಿಕೊಂಡು ಹೆಂಡತಿಗೆ ಅರ್ಧ ಹೇಳ್ಯಾನ. ಖರೇ ಅಲ್ಲೇನು, ಚನ್ನಬಸವ್ವ? ನೀ ಯಾರ ಸಲುವಾಗಿ ಜೇಲಿಗೆ ಹೊಂಟೀ?"

ಮುದುಕಿ ಮಗನ ಮುಖ ನೋಡಿದಳು.

"ಅಕಿ ಅಯ್ಯನವರ ಕಡೆ ಓಡಿ ಹೊಂಟಿದ್ಲ್ರಿ. ಇವ ಬಾಗಲದಾಗ ತಡದು ಮೆಲ್ಲಕ ಅಂದ: 'ನಾ ಅಯ್ಯನವರನ್ನ ಕೇಳಿ ಬಂದೇನಿ. ಲಿಂಗ ಹೋದಾಕಿ ಪ್ರಾಣ ಬಿಡಬೇಕಂತ. ನೀ ಇನ್ನೂ ಉಸಿರಾಡಾಕತ್ತೀಯಲ್ಲ!' ನಾ ಒಲೀ ಮುಂದ ಕುಂತಿದ್ದೆ. ಹೊಟ್ಟ್ಯಾಗ ಹುಟ್ಟಿದ ಮಗಾ ಅಂತ ಬಾಯಿ ಮುಚಗೊಂಡೆ."

ಫೌಜದಾರರು ಎದ್ದು ಬಸಣ್ಣನ ಮುಂದೆ ನಿಂತರು. "ಮಕ್ಕಳಿಲ್ಲಂತ ನೀ ಎರಡನೇ ಮದುವಿಗೆ ಕೇಳಿದಾಗ, ಸವತಿ ಇದ್ದ ಮನಿಗೆ ಹೆಣ್ಣು ಕೊಡೂದಿಲ್ಲ ಅಂದಿದ್ರು ಹೆಬ್ಬಳ್ಳಿ ಊರಿನವರು. ಅವರನ್ನ ನಿನ್ನೆ ಕೇಳಿ ಬಂದೇನಿ. ಲಿಂಗ ಕದ್ದಿ, ಸಾಯಿ ಅಂದಿ, ಬದುಕೂ ದಾರಿ ಗೊತ್ತಿದ್ದೂ ಅಕಿಗೆ ಮುಚ್ಚಿಟ್ಟಿ. ಮನಸಿನ್ಯಾಗ ಏನಿತ್ತು ಅನ್ನೂದಕ್ಕ ಇನ್ನೇನ ಸಾಕ್ಷಿ ಬೇಕು? ಆದ್ರ ಬಸಣ್ಣ, ಒಂದು ಮಾತು ನನಗ ತಿಳೀಲಿಲ್ಲ. ಆ ಲಿಂಗ ಎಲ್ಲಾದ್ರೂ ಒಗದು ಬಿಟ್ಟಿದ್ರ ನಿನ್ನ ಹಿಡಿಯಾವರು ಯಾರೂ ಇರಲಿಲ್ಲ. ಯಾಕ ತಂದು ಕೊಟ್ಟಿ?"

ಬಸಣ್ಣ ತಲೆ ಎತ್ತಲಿಲ್ಲ.

"ಲಿಂಗ ಇಲ್ಲದ ಹೆಣಾ ಮಣ್ಣು ಮಾಡಬಾರದಲ್ರಿ. ಪಾಪ ಬರತೈತಿ."

ಪೊಲೀಸರು ಅವನನ್ನು ಕರೆದೊಯ್ದರು. ಚನ್ನಬಸವ್ವ ಹೊಸ್ತಿಲು ಹಿಡಿದು ಅಲ್ಲೇ ಕೂತಳು. ಈ ಸಲ ಅವಳ ಬಾಯಿಂದ ಯಾರಿಗೂ ಒಂದು ಬೈಗುಳ ಬರಲಿಲ್ಲ.

ಶಾಂತಯ್ಯನವರು ಕೋರ್ಟಿನಲ್ಲಿ ಸಾಕ್ಷಿ ಹೇಳಲು ಒಪ್ಪಿ ಮನೆಗೆ ನಡೆದರು. ಮನೆ ದೂರವೇನಲ್ಲ, ಮುಂದಿನ ಓಣಿ. ಜೋಳಿಗೆಯನ್ನು ಗೂಟಕ್ಕೆ ತೂಗುಹಾಕಿ, ಒಳಗೆ ಕೈಯಿಟ್ಟರು. ಯಾವ ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಬಂದೀತೋ ಎಂದು ಸದಾ ಇಟ್ಟುಕೊಂಡಿರುತ್ತಿದ್ದ ಹೊಸ ಲಿಂಗ ಬೆರಳಿಗೆ ತಾಕಿತು. ಸಂಗವ್ವ ಹುಡುಕಿದ ಆ ಎರಡು ದಿನವೂ ಅದು ಅಲ್ಲಿಯೇ ಇತ್ತು.