ವಾಪಸ್ ಕೇಳುವ ಶಾಲು

ಒಂದು ತುದಿ ಸೂಪರ್‌ವೈಸರ್ ಪವಿತ್ರಳ ಕೈಯಲ್ಲಿ, ಇನ್ನೊಂದು ಹೊಸ ಮ್ಯಾನೇಜರ್ ಅಮೃತೇಶನ ಕೈಯಲ್ಲಿ. ನಡುವೆ ಸನ್ಮಾನದ ಶಾಲು!

ನಂಜನಗೂಡಿನಲ್ಲಿ ಅಂಥ ಎಳೆದಾಟವನ್ನು ಯಾರೂ ಕಂಡಿರಲಿಲ್ಲ. ಕಪಿಲೆಯೇ ಹರಿಯುವುದನ್ನು ನಿಲ್ಲಿಸಿ ನೋಡಿದಳು ಎಂದರೆ ನೀವು ನಂಬಲೇಬೇಕು.

“ಬಿಡಿ ಮೇಡಂ, ಫೋಟೊ ಆಯ್ತಲ್ಲ... ಮುಂದಿನವರಿಗೆ ಹೊದಿಸ್ಬೇಕು,” ಅವನು ಪಿಸುಗುಟ್ಟಿದ.

“ಸನ್ಮಾನ ಮಾಡಿದ್ಮೇಲೆ ಶಾಲು ನಂದು ಸಾರ್.”

“ಬುಡ್ಬ್ಯಾಡ ಕಣವ್ವ, ಎಳಿ,” ಬಾಣಲೆ ಕೆಲಸದ ಮಲ್ಲಾಜಮ್ಮ ವೇದಿಕೆಯ ಕೆಳಗಿನಿಂದ ಹುರಿದುಂಬಿಸಿದಳು.

ಆ ಬಾಳೆಕಾಯಿ ಚಿಪ್ಸ್ ಕಾರ್ಖಾನೆಯ ಪದ್ಧತಿಯೇ ಹಾಗೆ. ವರ್ಷಕ್ಕೊಮ್ಮೆ ನೌಕರರಿಗೆ ಸನ್ಮಾನ, ಎಲ್ಲರಿಗೂ ಒಂದೇ ಶಾಲು. ಫೋಟೊ ಮುಗಿದ ಕೂಡಲೇ ಅದು ಮಾಲೀಕ ಗಂಗಾಧರಸ್ವಾಮಿಯವರ ಬೀರುವಿಗೆ ವಾಪಸ್. ಮಹಾರಾಜರ ಕಾಲದ ನುಸಿಗುಳಿಗೆಯ ವಾಸನೆ ಬೇರೆ.

ಪರ್ರ್... ಶಾಲು ಹರಿಯಿತು.

ಪವಿತ್ರ ತನ್ನ ತುದಿಯನ್ನು ಅವನ ಮುಖಕ್ಕೇ ಎಸೆದು ಇಳಿದಳು. ಥೂ... ಇಂಥ ಜಿಪುಣನಿಗೆ ಇಷ್ಟು ಚಂದದ ಕಣ್ಣು ಯಾಕೆ ಕೊಟ್ಟೆಯಪ್ಪ ನಂಜುಂಡೇಶ್ವರ?

ಮರುದಿನದಿಂದ ಇನ್ನೊಂದು ಕಾಟ. ವಾಟ್ಸಾಪ್ ಗ್ರೂಪಿನಲ್ಲಿ ಅವನ ‘ವೆಲ್ ಡನ್ ಟೀಮ್’, ಜೊತೆಗೊಂದು ಹೆಬ್ಬೆರಳು. ಲಕ್ಷ ಹೆಬ್ಬೆರಳು ಬಂದಿರಬೇಕು, ಒಂದರ ಪಕ್ಕದಲ್ಲೂ ಅವಳ ಹೆಸರಿಲ್ಲ. ನೋಡಿ ನೋಡಿ ಅವಳಿಗೆ ತಲೆ ಚಿಟ್ಟುಹಿಡಿಯಿತು. ತಿ. ನರಸೀಪುರದ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿದ್ದೇ ತಡ, ರಾಜೀನಾಮೆ ಕೊಟ್ಟೇಬಿಟ್ಟಳು.

ನರಸೀಪುರದ ಬಸ್ಸಿಗೆ ಇನ್ನೇನು ಕಾಲಿಡಬೇಕು, ಅಮೃತೇಶ ಏದುಸಿರು ಬಿಡುತ್ತಾ ಓಡಿಬಂದ. ಕೈಯಲ್ಲಿ ಅದೇ ಶಾಲು. ಹರಿದ ಕಡೆ ಸೊಟ್ಟಸೊಟ್ಟ ಹೊಲಿಗೆ.

“ನಾನೇ ಹೊಲಿದೆ. ಅವತ್ತು ಯಜಮಾನ್ರು ಎದುರಿಗೇ ಕೂತಿದ್ರು, ಹೊಸಬ ನಾನು, ಹೆದರ್ಕೊಂಡೆ. ಇವತ್ತು ಅವರಿಗೆ ಹೇಳ್ಬಿಟ್ಟೇ ಬಂದೆ, ಹೊದಿಸಿದ್ದನ್ನ ಇನ್ಮೇಲೆ ವಾಪಸ್ ಇಸ್ಕೊಳಲ್ಲ ಅಂತ.”

“ಅಯ್ಯೋ, ಶಾಲು ಯಾರಿಗೆ ಬೇಕು ಸಾರ್? ನಾನು ಏನು ಮಾಡಿದೆ ಅಂತ ಆ ಸನ್ಮಾನ? ಅದನ್ನ ಒಂದ್ಸಲನಾದ್ರೂ ಬಾಯ್ಬಿಟ್ಟು ಹೇಳಿದ್ರಾ?”

ಅಮೃತೇಶ ತಲೆ ತಗ್ಗಿಸಿದ. “ಮಲ್ಲಾಜಮ್ಮ ಕೈ ಸುಟ್ಕೊಂಡಾಗ ಅವರ ಬಾಣಲೆ ಮುಂದೆ ನೀವು ನಿಂತ್ರಿ. ಅವರ ಕೂಲಿ ಹೋಗ್ಬಾರ್ದು ಅಂತ ಯಾರಿಗೂ ಹೇಳ್ಲಿಲ್ಲ. ನಾನು ನೋಡ್ದೆ... ದಿನಾ ನಿಮ್ಮನ್ನೇ ನೋಡ್ತಿದ್ದೆ. ಎದುರಿಗೆ ಬಂದ್ರೆ ಮಾತೇ ಬರ್ತಿರ್ಲಿಲ್ಲ. ಅದಕ್ಕೇ ಗ್ರೂಪಲ್ಲಿ ಹೆಬ್ಬೆರಳು ಕಳಿಸ್ದೆ.”

ಅಷ್ಟು ಹೆಬ್ಬೆರಳೂ ನನಗೇನಾ...? ದಡ್ಡ! ಪವಿತ್ರಳ ಕಣ್ಣು ತುಂಬಿ, ಕಪಿಲೆಗೆ ಪ್ರವಾಹ ಬರುವುದೊಂದು ಬಾಕಿ.

“ಏನಮ್ಮಾ, ಹತ್ತೀಯೋ ಇಲ್ವೋ?” ಕಂಡಕ್ಟರ್ ರೇಗಿದ.

“ಇಲ್ಲ, ನೀವು ಹೊರಡಿ.”

ಅಮೃತೇಶ ಶಾಲು ಹೊದಿಸಿದ. ಆ ನುಸಿಗುಳಿಗೆಯ ಘಮಕ್ಕೆ ಮೈಸೂರು ಮಲ್ಲಿಗೆಯೇ ನಾಚಿತು, ನನ್ನಾಣೆ.

“ನಾಳೆ ವಾಪಸ್ ಕೇಳ್ತೀರಾ?”

“ಕೇಳಲ್ಲ. ಆದ್ರೆ... ಚಳಿಗಾಲಕ್ಕೆ ಅರ್ಧ ನಂಗೂ ಕೊಡ್ತೀರಾ?”

“ಎಳೆದಾಡಲ್ಲ ಅಂದ್ರೆ.”