ಟಕ್ ಎನ್ನದ ಕಾವಲು

ಹಾಲು ಉಕ್ಕಿತು, ಒಲೆ ಆರಿತು, ರೆಗ್ಯುಲೇಟರಿನ ಪಕ್ಕದಲ್ಲಿ ಕೂತಿದ್ದ ನಿಂಬೆಹಣ್ಣಿನ ಗಾತ್ರದ ಉಪಕರಣ ‘ಟಕ್’ ಎಂದಿತು. ಅಷ್ಟೇ. ಗ್ಯಾಸ್ ನಿಂತಿತು. 2061ರ ಹೊತ್ತಿಗೆ ಈ ಸದ್ದು ಎಷ್ಟು ಮಾಮೂಲಾಗಿತ್ತೆಂದರೆ ಯಾರೂ ತಲೆ ಎತ್ತಿ ಸಹ ನೋಡುತ್ತಿರಲಿಲ್ಲ.

ಅದರ ಹೆಸರು ‘ಕಾವಲು’. ರೂಪಿಸಿದವಳು ಚಿತ್ರದುರ್ಗದ ವಿಜ್ಞಾನಿ ಚಿನ್ಮಯಿ. ಮೈತುಂಬ ಸಣ್ಣ ರಂಧ್ರಗಳು. ಅವುಗಳ ಹಿಂದೆ, ಗಾಳಿಯಲ್ಲಿ ಗ್ಯಾಸ್ ಬೆರೆತರೆ ತಕ್ಷಣ ಗುರುತಿಸುವ ಸಂವೇದಕ, ಅಂದರೆ ಯಂತ್ರದ ಮೂಗು. ವಿದ್ಯುತ್ ಒಲೆಗಳು ಬಂದು ಎಷ್ಟೋ ಕಾಲವಾಗಿತ್ತು ನಿಜ. ಆದರೆ ರೊಟ್ಟಿ ಉಬ್ಬಬೇಕಾದರೆ ಬೆಂಕಿಯೇ ಬೇಕೆನ್ನುವ ಹಟಮಾರಿಗಳು ನಮ್ಮಲ್ಲಿ ಕಮ್ಮಿಯೇ? ಕಾವಲು ಬಂದ ಹನ್ನೊಂದು ವರ್ಷಗಳಲ್ಲಿ ಅಂಥವರ ಒಂದು ಮನೆಯಲ್ಲೂ ಗ್ಯಾಸ್ ಅನಾಹುತ ಆಗಿರಲಿಲ್ಲ. ಜನ ನಿಶ್ಚಿಂತರಾದರು. ನಾಬ್ ತಿರುಗಿಸುವುದನ್ನು ಮರೆತರು, ರೆಗ್ಯುಲೇಟರ್ ಮುಚ್ಚುವುದನ್ನಂತೂ ಪೂರ್ತಿ ಬಿಟ್ಟರು.

ಚಿನ್ಮಯಿಯ ಮುಂದೆ ಈಗ ಒಂದು ಕಡತವಿತ್ತು. ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲಿ ಎಂದು ಗಂಧಕದ ಅಂಶವಿರುವ ಒಂದು ನಾರುವ ವಸ್ತುವನ್ನು ಅದಕ್ಕೆ ಬೆರೆಸುತ್ತಾರೆ. ಆ ಗಂಧಕವೇ ಸಂವೇದಕವನ್ನು ಸವೆಸುತ್ತಿತ್ತು. ವಾಸನೆ ತೆಗೆದುಬಿಟ್ಟರೆ ಕಾವಲು ಮೂರು ಪಟ್ಟು ಬಾಳುತ್ತದೆ. ಹೇಗೂ ಯಂತ್ರದ ಮೂಗು ಇರುವಾಗ ಮನುಷ್ಯರ ಮೂಗೇಕೆ? ಅವಳ ಒಂದು ಸಹಿ ಬಿದ್ದರೆ ಇಡೀ ನಾಡಿನ ಗ್ಯಾಸ್ ವಾಸನೆ ಕಳೆದುಕೊಳ್ಳುವುದಿತ್ತು. ನಾಳೆಯೇ ಕೊನೆಯ ದಿನ. ಸಹಿ ಹಾಕುವುದೆಂದು ಅವಳು ನಿರ್ಧರಿಸಿಯೂ ಆಗಿತ್ತು.

ಅಂದು ಬೆಳಗ್ಗೆ ಅವಳ ಅಣ್ಣನ ಮಗಳು ಇಂಚರಳ ಹೊಸ ಮನೆಯ ಗೃಹಪ್ರವೇಶ. ಚಿನ್ಮಯಿ ಎಂಬತ್ತೆರಡರ ತಾಯಿ ಸರ್ವಮಂಗಳಮ್ಮನನ್ನು ಕರೆದುಕೊಂಡು ಬಂದಳು, ಕಡತವನ್ನೂ ತಂದಳು. ಅಡುಗೆಮನೆಯಲ್ಲಿ ಹಾಲು ಉಕ್ಕಿಸುವ ಶಾಸ್ತ್ರ. ಈಚೆಗೆ ಉಕ್ಕಿದ ಹಾಲಿಗೆ ಒಲೆ ಆರಿ ‘ಟಕ್’ ಎಂದ ಮೇಲೆ ಚಪ್ಪಾಳೆ ತಟ್ಟುವುದೂ ಶಾಸ್ತ್ರವೇ ಆಗಿಹೋಗಿತ್ತು. ಹಾಲು ಉಕ್ಕಿತು. ಒಲೆ ಆರಿತು. ಸಡಗರದಲ್ಲಿ ಸದ್ದು ಬಂತೋ ಇಲ್ಲವೋ ಯಾರೂ ಗಮನಿಸಲಿಲ್ಲ. ಚಪ್ಪಾಳೆ ತಟ್ಟಿ, ಪಾತ್ರೆ ಇಳಿಸಿ, ನಡುಮನೆಗೆ ಬಂದು ಎಲ್ಲರಿಗೂ ಹಾಲು ಹಂಚಿದರು.

ಕಡತ ಓದುತ್ತಿದ್ದ ಚಿನ್ಮಯಿಯ ಮೂಗಿಗೆ ಆ ನಾತ ತಾಗಿತು. ‘ಈಗ ಟಕ್ ಅನ್ನುತ್ತೆ’ ಎಂದುಕೊಂಡು ಪುಟ ಮಗುಚಿದಳು. ಇಂಚರ ಒಲೆಗೆ ಆರತಿ ಎತ್ತಲು ಕರ್ಪೂರದ ತಟ್ಟೆ, ಬೆಂಕಿಪೊಟ್ಟಣ ಹಿಡಿದು ಹೊರಟಳು.

“ಅದೇನಜ್ಜಿ ಕೊಳೆತ ಈರುಳ್ಳಿ ವಾಸನೆ? ಮೋರಿ ಕಟ್ಟಿಕೊಂಡಿರ್ಬೇಕು.”

ಸರ್ವಮಂಗಳಮ್ಮ ಲೋಟ ಕೆಳಗಿಟ್ಟು ಎದ್ದರು. “ಅಯ್ಯೋ ನಿನ್ನ! ಕಡ್ಡಿ ಗೀರಬ್ಯಾಡ ಕಣೇ! ಅದು ಗ್ಯಾಸು! ಯಾರೂ ಸ್ವಿಚ್ ಮುಟ್ಟಬ್ಯಾಡ್ರಿ. ಬಾಗಿಲು, ಕಿಟಕಿ ತೆಗೀರಿ. ದೇವರ ದೀಪ ಶಾಂತ ಮಾಡ್ರಿ.”

“ಹೊಸ ಮನೇಲಿ ದೀಪ ಆರಿಸೋದಾ ಅಜ್ಜಿ?”

“ಮನೆ ಉಳಿದ್ರೆ ನಾಳೆ ಹಚ್ಚೋಣಂತೆ, ನಡಿ ಆಚೆ!”

ಮುದುಕಿ ಸೆರಗನ್ನು ಮೂಗಿಗೊತ್ತಿಕೊಂಡು ಒಳಗೆ ಹೋಗಿ ರೆಗ್ಯುಲೇಟರ್ ಮುಚ್ಚಿ ಬಂದರು. ಎಲ್ಲರೂ ಅಂಗಳದಲ್ಲಿ ನಿಂತರು. ಗಾಳಿಯಾಡಿ ವಾಸನೆ ಪೂರ್ತಿ ಹೋದ ಮೇಲೆ ಚಿನ್ಮಯಿ ಒಳಗೆ ಹೋಗಿ ಕಾವಲಿನ ಮುಂದೆ ಕೂತಳು. ಅದರ ಮೈಗೆ ಗಟ್ಟಿಯಾಗಿ ಕಲಸಿದ ಅರಿಶಿನ, ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಎಲ್ಲ ಒಣಗಿ ರಂಧ್ರಗಳನ್ನು ಮುಚ್ಚಿಬಿಟ್ಟಿತ್ತು.

“ಒಲೆಗೆ ಪೂಜೆ ಮಾಡಿ ಅದಕ್ಕೆ ಮಾಡ್ದೆ ಇರೋದಾ ಅತ್ತೆ?” ಎಂದಳು ಇಂಚರ. “ನೀವು ಮಾಡಿದ್ದು ಅಂತ ಒಂದು ಕೈ ಜಾಸ್ತೀನೇ ಬಳಿದೆ.”

ಚಿನ್ಮಯಿ ಒಣಗಿದ ಅರಿಶಿನವನ್ನು ಉಗುರಿನಿಂದ ಕೆರೆದಳು. ಶಾಖ, ಜಿಡ್ಡು, ಜಿರಲೆ, ಎಲ್ಲದಕ್ಕೂ ಕಾವಲನ್ನು ಒಡ್ಡಿ ಪರೀಕ್ಷೆ ಮಾಡಿದ್ದಳು. ತಕ್ಕಡಿಯಿಂದ ಲಾರಿಯವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ ಇಡುವ ಜನ ತಾವು ಎಂಬುದು, ಪಕ್ಕಾ ದುರ್ಗದವಳಾಗಿಯೂ, ಹೊಳೆದಿರಲಿಲ್ಲ. ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಬೇರೆ ವಿಷಯಕ್ಕೆ.

“ಅಮ್ಮಾ, ನನಗೂ ವಾಸನೆ ಬಂದಿತ್ತು. ಟಕ್ ಅನ್ನುತ್ತೆ ಅಂತ ಸುಮ್ಮನೆ ಕೂತಿದ್ದೆ.”

ಸರ್ವಮಂಗಳಮ್ಮ ಮಗಳ ಬೆನ್ನು ಸವರಿದರು. ಇಂದು ಆ ಗ್ಯಾಸಿಗೆ ವಾಸನೆ ಇರದೇ ಹೋಗಿದ್ದರೆ? ಚಿನ್ಮಯಿ ಕಡತ ತೆಗೆದು, ಸಹಿ ಮಾಡಬೇಕಿದ್ದ ಜಾಗದಲ್ಲಿ ‘ವಾಸನೆ ಇರಲಿ’ ಎಂದು ಬರೆದಳು.

ಮಧ್ಯಾಹ್ನ ಕಾವಲನ್ನು ತೊಳೆದು ಕೂರಿಸಿ, ಪರೀಕ್ಷಿಸಿ, ಮತ್ತೆ ಹಾಲು ಉಕ್ಕಿಸಿದರು. ಈ ಸಲ ಸರಿಯಾಗಿ ಟಕ್ ಎಂದಿತು, ಚಪ್ಪಾಳೆಯೂ ಬಿತ್ತು. ಸರ್ವಮಂಗಳಮ್ಮ ಮಾತ್ರ ಸೊಂಟ ಹಿಡಿದುಕೊಂಡು ಬಗ್ಗಿ, ನಾಬ್ ತಿರುಗಿಸಿ, ರೆಗ್ಯುಲೇಟರನ್ನೂ ಮುಚ್ಚಿದರು. ನಲವತ್ತು ವರ್ಷಗಳ ಹಿಂದೆ, ಕಾವಲು ಎಂಬುದು ಯಾರ ಕನಸಿನಲ್ಲೂ ಇಲ್ಲದ ಕಾಲದಲ್ಲಿ, ಒಲೆ ಹಚ್ಚಿದವರೆಲ್ಲ ಮಾಡುತ್ತಿದ್ದ, ಅಥವಾ ಮಾಡಬೇಕಾಗಿದ್ದ ಕೆಲಸ ಅದು.

“ಕಾವಲು ಇದೆಯಲ್ಲಜ್ಜಿ, ನೀವ್ಯಾಕೆ ಬಗ್ತೀರ?” ಎಂದಳು ಇಂಚರ.

“ಅದರ ಪಾಡಿಗೆ ಅದು ಇರ್ಲಿ ಬಿಡು,” ಎಂದರು ಅಜ್ಜಿ. “ನನ್ನ ಕೈಗೇನಾಗಿದೆ?”