ಹೊರೆ ಇಳಿಸದ ಗಣಪಿ

ಬಹಳ ಹಿಂದೆ, ಕಡಲು ಇನ್ನೂ ಅರಸರ ಮಾತು ಕೇಳುತ್ತಿದ್ದ ಕಾಲದಲ್ಲಿ, ಶಂಖಾವತಿ ಎಂಬ ರಾಜ್ಯವಿತ್ತು. ಒಂದು ದಿನ ಬೆಳಗಾಗುವಷ್ಟರಲ್ಲಿ ಅಲ್ಲಿನ ಬಾವಿ, ಕೆರೆ, ತೊರೆ ಎಲ್ಲದರ ನೀರೂ ಉಪ್ಪಾಗಿಬಿಟ್ಟಿತು. ಹಸುಗಳು ಮೂಸಿ ಮುಖ ತಿರುಗಿಸಿದವು. ತೊಟ್ಟಿಲ ಕೂಸುಗಳು ಬಾಯಾರಿ ಅತ್ತವು. ಅರಸನಿಗೆ ಎಳನೀರು ಸಿಕ್ಕಿತು, ಅದು ಬೇರೆ ಮಾತು. ಆದರೆ ಎಳನೀರಾದರೂ ಎಷ್ಟು ದಿನ ಬಂದೀತು?

ಇದು ಕಟುಕೇತ ಎಂಬ ಮಾಂತ್ರಿಕನ ಕೆಲಸ. ಅವನ ಮೈಯೇ ಉಪ್ಪಿನದು, ಗಡ್ಡವೂ ಉಪ್ಪಿನದು. ಸಿಹಿನೀರಿನ ತಾಯಿಕಲ್ಲನ್ನು ಅರಮನೆಯ ಬಾವಿಯಿಂದ ಕದ್ದು, ಕಡಲ ತುದಿಯ ಪಾಳುಪಟ್ಟಣದಲ್ಲಿ ಇಟ್ಟುಕೊಂಡಿದ್ದ. ಒಂದು ಗೂಬೆಯ ಮೂಲಕ ಅರಸನಿಗೆ ಹೇಳಿಕಳಿಸಿದ: "ಕಲ್ಲು ಬೇಕಿದ್ದರೆ ಒಬ್ಬರೇ ನಡೆದು ಬರಬೇಕು. ಇಬ್ಬರು ಬಂದರೆ ದಾರಿಯನ್ನು ಕಡಲು ನುಂಗುತ್ತದೆ. ತಲೆಯ ಮೇಲೆ ಹೊತ್ತು ನಿಮ್ಮ ಬಾವಿಗೆ ಮುಟ್ಟಿಸಿದರೆ ನೀರು ಸಿಹಿ. ನಡುವೆ ಎಲ್ಲಾದರೂ ಅದು ನೆಲ ಮುಟ್ಟಿತೋ, ಹೊತ್ತವರು ಕಲ್ಲಾಗುತ್ತಾರೆ, ತಾಯಿಕಲ್ಲು ಮತ್ತೆ ನನ್ನದಾಗುತ್ತದೆ."

ಮೊದಲು ದಳವಾಯಿ ಹೋದ. ಆಮೇಲೆ ಮೂವರು ಜಟ್ಟಿಗಳು, ಇಬ್ಬರು ಪಂಡಿತರು, ಅರಸನ ಭಾವಮೈದ. ಯಾರೂ ಮರಳಲಿಲ್ಲ. ಕೊನೆಗೆ ಉಪ್ಪು ಹೊರುವ ಸೋಮಯ್ಯ ಹೋದ. ಅವನೂ ಬರಲಿಲ್ಲ. ಸೋಮಯ್ಯನಿಗೆ ಒಬ್ಬಳೇ ಮಗಳು, ಗಣಪಿ. ಹತ್ತೊಂಬತ್ತು ವರ್ಷ. ಅಪ್ಪನ ಜೊತೆ ಉಪ್ಪಿನ ಆಗರದಿಂದ ಪೇಟೆಗೆ ಬುಟ್ಟಿ ಹೊತ್ತೇ ಬೆಳೆದವಳು.

ಹತ್ತು ದಿನ ಕಾದು, ಹನ್ನೊಂದನೆಯ ದಿನ ಅವಳು ಅರಮನೆಗೆ ಹೋದಳು. ದಳವಾಯಿಯಿಂದ ಆಗದ್ದು ನಿನ್ನಿಂದ ಆದೀತೇ ಎಂದು ಅರಸ ಕೇಳಿದ.

"ಒಡೆಯಾ, ದಳವಾಯಿಯವ್ರು ಯಾವತ್ತಾದ್ರೂ ತಲೆ ಮೇಲೆ ಹೊರೆ ಹೊತ್ತದ್ದುಂಟೋ?" ಎಂದಳು ಗಣಪಿ. "ನಂಗೆ ಅಪ್ಪ ಬೇಕು. ಹೋದವಳು ನೀರೂ ತರ್ತೆ."

ಅರಸ ಕಡಲ ದಿಕ್ಕಿಗೆ ಕೈ ತೋರಿಸಿದ. ಹೋಗಿ ಬಾ ಎಂದ.

ಗಣಪಿ ಬೆನ್ನಿಗೊಂದು ಗಂಟು ಕಟ್ಟಿದಳು. ಗಂಟಿನಲ್ಲಿ ಅವಲಕ್ಕಿ, ಬೆಲ್ಲ, ಎರಡು ಎಳನೀರು, ಮತ್ತೆ ತಲೆಗೂ ಹೊರೆಗೂ ನಡುವೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬೆ. ಕಡಲಂಚಿಗೆ ಬಂದು ನಿಂತದ್ದೇ ತಡ, ಅಲೆಗಳು ಹಿಂದೆ ಸರಿದು ಒಬ್ಬರೇ ನಡೆಯುವಷ್ಟು ಅಗಲದ ದಾರಿ ತೆರೆದುಕೊಂಡಿತು.

ಮನಸ್ಸಿನಲ್ಲಿ ಅಪ್ಪನ ಚಿಂತೆ ಇತ್ತು, ನಿಜ. ಆದರೆ ಕಾಲು ಕೇಳಬೇಕಲ್ಲ! ತಲೆ ಖಾಲಿ ಇಟ್ಟುಕೊಂಡು ಅವಳು ಹುಟ್ಟಿದಮೇಲೆ ಇಷ್ಟು ದೂರ ನಡೆದವಳೇ ಅಲ್ಲ. ಕತ್ತು ಅತ್ತ ತಿರುಗಿಸಿದರೆ ಕೆಂಪು ಮುರಕಲ್ಲಿನ ಗುಡ್ಡ, ಇತ್ತ ತಿರುಗಿಸಿದರೆ ಹಸಿರು ನೀರು. ಒಂದು ತಿರುವು ಕಳೆದರೆ ಕೇದಗೆಯ ಕಾಡು, ಇನ್ನೊಂದು ಕಳೆದರೆ ಯಾರ ಹೆಜ್ಜೆಯೂ ಬೀಳದ ಬಿಳಿ ಮರಳು. ಮುಂದಿನ ತಿರುವಿನಲ್ಲಿ ಏನಿದೆಯೋ ಎಂದು ಓಡಿದಳು, ಓಡಿ ನೋಡಿ ನಕ್ಕಳು. ಅವಳ ಹಿಂದೆಯೇ ಕಡಲು ದಾರಿಯನ್ನು ಮುಚ್ಚುತ್ತ ಬಂತು. ಅವಳು ಗಮನಿಸಲೇ ಇಲ್ಲ.

ಸಂಜೆಗೆ ಪಾಳುಪಟ್ಟಣ ಕಾಣಿಸಿತು. ಕದವಿಲ್ಲದ ಮಹಾದ್ವಾರ, ಚಾವಣಿ ಇಲ್ಲದ ನೂರು ಕಂಬಗಳ ಮಂಟಪ, ಸೊಂಡಿಲು ಮುರಿದ ಎರಡು ಕಲ್ಲಾನೆಗಳು. ಗಣಪಿ ಹತ್ತಿರ ಬಂದಾಗ ಆನೆಗಳು ಒಂದೊಂದು ಹೆಜ್ಜೆ ಸರಿದು ದಾರಿ ಬಿಟ್ಟವು. ಮಂಟಪದಲ್ಲಿ ನಿಂತು ತನ್ನ ಹೆಸರು ಕೂಗಿದಳು. ನೂರು ಕಂಬಗಳೂ ನೂರು ದನಿಯಲ್ಲಿ ಗಣಪೀ ಎಂದವು. ಸಂತೋಷ ತಡೆಯಲಾರದೆ ಮತ್ತೆ ಕೂಗಿದಳು.

ಮುರಿದ ಸಿಂಹಾಸನದಿಂದ ಕಟುಕೇತ ಎದ್ದು ಬಂದ. ಇಲ್ಲಿಗೆ ಬಂದವರೆಲ್ಲ ಕತ್ತಿ, ಗದೆ, ಗ್ರಂಥ ತಂದಿದ್ದರು, ನೀನೇನು ತಂದೆ ಎಂದು ಕೇಳಿದ. ಗಣಪಿ ಸಿಂಬೆ ತೋರಿಸಿದಳು. ಅವನು ನಕ್ಕ ನಗುವಿಗೆ ಗಡ್ಡದಿಂದ ಉಪ್ಪು ಉದುರಿತು. ಅಪ್ಪ ಎಲ್ಲಿ ಎಂದು ಕೇಳಿದರೆ, ನಾಳೆ ದಾರಿಯಲ್ಲಿ ಸಿಗುತ್ತಾನೆ ಎಂದಷ್ಟೇ ಹೇಳಿದ. ಬೆಳಗಾದಮೇಲೆ ತಾಯಿಕಲ್ಲನ್ನು ಅವನೇ ಅವಳ ತಲೆಗೆ ಎತ್ತಿಕೊಟ್ಟ. ಒಂಟಿಯವರ ತಲೆಗೆ ಹೊರೆ ಎತ್ತಿಕೊಡುವುದು ದಾರಿಯ ಧರ್ಮ, ಮಾಂತ್ರಿಕನೂ ಅದನ್ನು ಮೀರುವಂತಿಲ್ಲ.

ಬಂದ ದಾರಿಯನ್ನು ಕಡಲು ನುಂಗಿತ್ತು. ಮರಳುವ ದಾರಿ ಗುಡ್ಡದಂಚಿನದು. ಕಲ್ಲು ಮೊದಲು ಕುಂಬಳಕಾಯಿಯಷ್ಟು ಭಾರವಿತ್ತು. ಹೆಜ್ಜೆ ಹೆಜ್ಜೆಗೂ ಭಾರ ಏರಿತು.

ಬೆಳಗಿನ ಹೊತ್ತು, ಹೊಳೆ ಕಡಲು ಸೇರುವ ಒಂದು ಅಳಿವೆ ಎದುರಾಯಿತು. ಅಲ್ಲಿ ಗುಡಿಸಲಿನಷ್ಟು ದೊಡ್ಡ ಮಾಯದ ಏಡಿ ಅಡ್ಡ ಕೂತಿತ್ತು. ನಾನು ಈ ಅಳಿವೆಯ ದೊರೆ, ಬಗ್ಗಿ ನಮಸ್ಕಾರ ಮಾಡಿ ಹೋಗು, ಇಲ್ಲದಿದ್ದರೆ ಕಾಲು ಕತ್ತರಿಸುತ್ತೇನೆ ಎಂದಿತು.

"ಹೊರೆ ಹೊತ್ತವರು ಬಗ್ಗೂದಿಲ್ಲ" ಎಂದಳು ಗಣಪಿ. ಏಡಿ ಕತ್ತರಿಯಂಥ ಕೊಂಬು ಎತ್ತಿತು. ಆದರೆ ಏಡಿಗೆ ಅಡ್ಡ ನಡೆದು ಅಭ್ಯಾಸ, ಗಣಪಿಗೆ ನೆಟ್ಟಗೆ ನಡೆದು. ಅದು ಪಕ್ಕಕ್ಕೆ ಸರಿದು ತಿರುಗುವಷ್ಟರಲ್ಲಿ ಅವಳು ಅದರ ಬೆನ್ನನ್ನೇ ಮೆಟ್ಟಿಲು ಮಾಡಿಕೊಂಡು ಆಚೆ ದಡಕ್ಕೆ ದಾಟಿದ್ದಳು.

ಮಧ್ಯಾಹ್ನ ಗುಡ್ಡದ ನೆತ್ತಿಯಲ್ಲಿ ಒಂದು ಮಾಯದ ಹದ್ದು ಅವಳ ಹಿಂದೆ ಹಾರಿ ಬಂತು. ಅಪ್ಪನ ದನಿಯಲ್ಲೇ ಕೂಗಿತು: "ಮಗಾ, ನಾನಿಲ್ಲಿದ್ದೆ. ಒಂದ್ಸಲ ತಿರುಗಿ ನೋಡೇ."

ಗಣಪಿಯ ಕಣ್ಣು ತುಂಬಿತು. ಆದರೆ ತಲೆಹೊರೆಯವರು ಕತ್ತು ತಿರುಗಿಸಿದರೆ ಹೊರೆ ನೆಲಕ್ಕೇ. ಇದನ್ನು ಅವಳಿಗೆ ಕಲಿಸಿದವನೇ ಅಪ್ಪ. ಹೊರೆ ಹೊತ್ತವಳನ್ನು ತಿರುಗಿ ನೋಡೆನ್ನುವವನು ಅವಳ ಅಪ್ಪನಾಗಿರಲು ಸಾಧ್ಯವೇ ಇಲ್ಲ.

"ಹೊರೆ ಹೊತ್ತವರು ತಿರುಗೂದಿಲ್ಲ" ಎಂದು ಅಳುತ್ತಲೇ ಮುಂದೆ ನಡೆದಳು. ಹದ್ದು ಸಂಜೆಯವರೆಗೂ ಕೂಗಿ ಕೂಗಿ ಗಂಟಲು ಕಟ್ಟಿ ಹಾರಿಹೋಯಿತು.

ಸಂಜೆಗೆ ಶಂಖಾವತಿಯ ಗೋಪುರ ಕಂಡಿತು. ಗೋಪುರವೇನೋ ಕಂಡಿತು, ಆದರೆ ಕತ್ತು ಸೋತಿತ್ತು. ಕಲ್ಲು ಈಗ ಎತ್ತಿನ ಬಂಡಿಯಷ್ಟು ಭಾರ. ಅಲ್ಲೇ ಕಟುಕೇತ ಕಾದು ನಿಂತಿದ್ದ.

"ಎಲ್ಲರೂ ಸೋತದ್ದು ಇಲ್ಲಿಯೇ" ಎಂದ. "ಇಳಿಸು. ಅಪ್ಪನ ಪಕ್ಕದಲ್ಲೇ ಕಲ್ಲಾಗಿ ಇರು."

ದಾರಿಯ ಇಕ್ಕೆಲದಲ್ಲಿ ಮನುಷ್ಯರಾಗಿದ್ದ ಕಲ್ಲುಗಳು ಬಿದ್ದಿದ್ದವು. ಒಂದು ಬೋರಲು, ಒಂದು ಅಂಗಾತ, ಒಂದು ಕುಕ್ಕುರುಗಾಲಿನಲ್ಲಿ. ಎರಡು ಮಾತ್ರ ನಿಂತೇ ಇದ್ದವು. ಡೊಳ್ಳುಹೊಟ್ಟೆಯ ಒಂದು ಕಲ್ಲು, ಅದಕ್ಕೆ ಒಂದು ಮೊಳ ಬಿಟ್ಟು ಇನ್ನೊಂದು. ಎರಡಕ್ಕೂ ಒಂದೇ ಎತ್ತರ, ಸರಿಯಾಗಿ ಹೆಗಲ ಮಟ್ಟ. ಹೊರೆಯವರು ಊರೂರ ದಾರಿಯಲ್ಲಿ ಹುಡುಕುವುದು ಅಂಥದ್ದನ್ನೇ. ಒಂಟಿ ಮನುಷ್ಯ ಯಾರ ಸಹಾಯವೂ ಇಲ್ಲದೆ ಹೊರೆ ಜಾರಿಸಿ ಇಟ್ಟು, ದಣಿವಾರಿಸಿಕೊಂಡು, ಮತ್ತೆ ತಲೆ ಕೊಟ್ಟು ಎತ್ತಿಕೊಳ್ಳುವ ಜೋಡಿಗಲ್ಲು.

ಗಣಪಿ ಓಲಾಡುತ್ತ ಹೋಗಿ ತಾಯಿಕಲ್ಲನ್ನು ಆ ಎರಡರ ಹೆಗಲ ಮೇಲೆ ಜಾರಿಸಿದಳು. ಅದು ಅಲುಗದೆ ಕೂತಿತು.

ಕಟುಕೇತ ಮೋಸ ಎಂದು ಅರಚಿದ. ನೆಲ ಮುಟ್ಟಿಲ್ಲವಲ್ಲ ಎಂದಳು ಗಣಪಿ. ಹೊರೆ ಹೊತ್ತು ಗೊತ್ತಿದ್ದರೆ ತಾನೇ ಅವನಿಗೆ ಇದೆಲ್ಲ ತಿಳಿಯುವುದು! ಸಿಟ್ಟು ನೆತ್ತಿಗೇರಿ, ತಾಯಿಕಲ್ಲನ್ನು ಕೆಡವಲೆಂದು ಮಂತ್ರದಂಡ ಬೀಸಿ ಹೊಡೆದ. ಕಲ್ಲು ಬೀಳಲಿಲ್ಲ. ಏಟು ಬಿದ್ದಲ್ಲಿಂದ ಸಿಹಿನೀರು ಭುಗ್ಗೆಂದು ಚಿಮ್ಮಿ ಅವನನ್ನು ಅಡಿಯಿಂದ ಮುಡಿಯವರೆಗೆ ತೋಯಿಸಿತು. ಉಪ್ಪಿನ ಮೈ, ಗಂಜಿಗೆ ಹಾಕಿದ ಉಪ್ಪಿನ ಹಾಗೆ ಕರಗಿಹೋಯಿತು. ಹರಿದ ನೀರು ತಾಗಿದ ಕಲ್ಲುಗಳೆಲ್ಲ ಕೆಮ್ಮುತ್ತ ಎದ್ದು ಕೂತವು. ಡೊಳ್ಳುಹೊಟ್ಟೆಯ ಕಲ್ಲು ದಳವಾಯಿಯಾಗಿ, ಅಯ್ಯೋ ಹೆಗಲು ಎಂದು ನರಳಿತು. ಅವನ ಪಕ್ಕದಲ್ಲಿ ತಾಯಿಕಲ್ಲಿಗೆ ಹೆಗಲು ಕೊಟ್ಟು ಸೋಮಯ್ಯ ನಿಂತಿದ್ದ.

ಗಣಪಿ ಅವನನ್ನು ಅಪ್ಪಿ ಜೋರಾಗಿ ಅತ್ತಳು. ಉಳಿದವರು ಬಿದ್ದಿರುವಾಗ ನೀನು ದಳವಾಯಿಯ ಪಕ್ಕ ಹೇಗೆ ನಿಂತೆ ಎಂದು ಕೇಳಿದಳು.

"ಕಾಲಿನಿಂದ ಕಲ್ಲಾಗ್ತಾ ಬಂತು ಮಗಾ. ನಂಗಂತೂ ಹೊರೆ ಇಳ್ಸೂಕೆ ಜಾಗ ಸಿಗ್ಲಿಲ್ಲ. ಮುಂದೆ ಬರೋರಿಗಾದ್ರೂ ಸಿಗ್ಲಿ ಹೇಳಿ, ಕಾಲೆಳ್ಕೊಂಡು ಬಂದು ದಳವಾಯಿ ಪಕ್ಕ ನಿಂತೆ. ಬರೋಳು ನೀನೇ ಹೇಳಿ ಗೊತ್ತಿರ್ಲಿಲ್ಲ."

ಗಣಪಿ ಕಣ್ಣೊರೆಸಿಕೊಂಡು, ಸಿಂಬೆ ಸರಿಮಾಡಿಕೊಂಡು, ಹೊರೆಗೆ ತಲೆ ಕೊಟ್ಟಳು. ಎಂಟೂ ಜನ ಹಿಂದೆ ಮುಂದೆ ನಡೆದರು. ತಾಯಿಕಲ್ಲು ಬಾವಿ ಸೇರಿತು. ಅರಸ ಮೊದಲ ಕೊಡ ತನಗೆಂದು ಕೈಚಾಚಿದ, ಗಣಪಿ ಅದನ್ನು ತೊಟ್ಟಿಲ ಕೂಸುಗಳ ತಾಯಂದಿರಿಗೆ ಕೊಟ್ಟಳು. ಊರಿಗೆ ಊರೇ ಕುಣಿಯಿತು.

ಮರುದಿನ ಬೆಳಿಗ್ಗೆ ಅವಳು ಮತ್ತೆ ಗಂಟು ಕಟ್ಟುವುದನ್ನು ಕಂಡು, ಎಲ್ಲಿಗೆ ಎಂದು ಸೋಮಯ್ಯ ಕೇಳಿದ. ತೆಂಕಣ ದಿಕ್ಕಿನ ಕಡಲು ನೋಡಿಲ್ಲ ಎಂದಳು.

"ತಡಿ, ನಾನೂ ಬರ್ತೆ" ಎಂದ ಅವನು. "ನಿಂತು ನಿಂತು ಸಾಕಾಯ್ತು."

ಹಾಗೆ ಶಂಖಾವತಿಯವರೆಲ್ಲ ಸಿಹಿನೀರು ಕುಡಿದು ನೂರು ವರ್ಷ ಸುಖವಾಗಿ ಬಾಳಿದರು. ದಾರಿಹೋಕರ ಹೊರೆಗೆ ಹೆಗಲು ಕೊಟ್ಟವರು ಇನ್ನೂ ಹತ್ತು ವರ್ಷ ಹೆಚ್ಚಿಗೆ ಬಾಳಿದರು.